ರೈಲು ಹೊತ್ತವರ ಬೀದಿಯಲ್ಲಿ



ಊರಿಂದ ನೆಂಟರು ಬಂದಾಗಲೆಲ್ಲ ನಾವು ಸ್ಯಾನ್ ಫ್ರಾನ್ಸಿಸ್ಕೋ ತೋರಿಸುವ ಕ್ರಮ ನಿಮಗೆಲ್ಲ ಗೊತ್ತೇ ಇದೆ. ಗೋಲ್ಡನ್ ಗೇಟ್ ಸೇತುವೆಯ ಮುಂದೆ ಒಂದು ಫೋಟೋ, ಲೊಂಬಾರ್ಡ್ ಬೀದಿಯ ತಿರುವುಗಳಲ್ಲಿ ಒಮ್ಮೆ ಕಾರು ಇಳಿಸುವುದು, ಪಿಯರ್ 39ರಲ್ಲಿ ಬಿಸಿಲು ಕಾಯಿಸುತ್ತಾ ಬಿದ್ದಿರುವ ಕಡಲಸಿಂಹಗಳು, ವಾಪಸು ಬರುವಾಗ ಮಸಾಲೆ ದೋಸೆ. ನಾನು 1999ರಲ್ಲಿ ವೈಟುಕೆ ಗಲಾಟೆಯ ಕಾಲದಲ್ಲಿ ಬಂದವನು. ಅಂದಿನಿಂದ ಫ್ರೀಮಾಂಟಿನಲ್ಲೇ ಇದ್ದೂ ಆ ಊರನ್ನು ನೋಡಿದ್ದು ಇಷ್ಟೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಮಗಳು ಎರಡು ವರ್ಷದಿಂದ ಅಲ್ಲಿನ ಮಿಷನ್ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಬಾಡಿಗೆ ಎಷ್ಟು ಎಂದು ಕೇಳಬೇಡಿ, ನನ್ನ ಮೊದಲ ವರ್ಷದ ಸಂಬಳ ನೆನಪಾಗಿ ಎದೆ ಹಿಡಿದುಕೊಳ್ಳುವಂತಾಗುತ್ತದೆ. ಹೋದ ತಿಂಗಳು ಫೋನು ಮಾಡಿ, "ಅಪ್ಪ, ಒಂದು ಶನಿವಾರ ಬಾ, ನಮ್ಮ ಬೀದಿಯ ಗೋಡೆಗಳನ್ನು ತೋರಿಸ್ತೀನಿ. ಕಾರು ಮಾತ್ರ ತರಬೇಡ, ಪಾರ್ಕಿಂಗ್ ಸಿಗಲ್ಲ. ಬಾರ್ಟ್‌ನಲ್ಲಿ ಬಾ. ಇಲ್ಲಿ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತಗೊಳ್ಳೋಣ" ಎಂದಳು. ನಾನು ಸೈಕಲ್ ಹತ್ತಿ ಮೂವತ್ತು ವರ್ಷವಾಗಿತ್ತು. ಸಾಗರದ ಜೂನಿಯರ್ ಕಾಲೇಜಿಗೆ ಹೋಗುತ್ತಿದ್ದ ಅಟ್ಲಾಸ್ ಸೈಕಲ್ಲೇ ಕೊನೆಯದು. ಆದರೂ ಹೊರಟೆ.

ಮಗಳ ಅಪ್ಪಣೆಯಂತೆ ಮೊದಲು ಇಳಿದದ್ದು ಎಂಬಾರ್ಕಡೆರೊ ನಿಲ್ದಾಣದಲ್ಲಿ. "ಮಿಷನ್ ಗೋಡೆಗಳ ಅಜ್ಜನನ್ನು ಮೊದಲು ನೋಡು" ಎಂದು ಟೆಲಿಗ್ರಾಫ್ ಗುಡ್ಡದ ಮೇಲಿನ ಕೊಯಿಟ್ ಟವರ್‌ಗೆ ಕರೆದೊಯ್ದಳು. ಪೆಡಲ್ ಒತ್ತಿದರೆ ಯಾರೋ ಹಿಂದಿನಿಂದ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗಾಗುತ್ತದೆ. ಆ ಕಡಿದಾದ ಏರನ್ನು ಉಸಿರು ಬಿಡದೆ ಹತ್ತಿಬಿಟ್ಟೆ. ಹತ್ತಿದ ಮೇಲೆ ಬ್ಯಾಟರಿಯ ಗೀಟುಗಳಲ್ಲಿ ಒಂದೇ ಉಳಿದಿತ್ತು. ಅದರ ಫಲ ಆಮೇಲೆ ಅನುಭವಿಸಿದೆ ಅನ್ನಿ!

ಗೋಪುರ ಕಟ್ಟಿದ್ದು 1933ರಲ್ಲಿ. ಮಹಾಕುಸಿತದ ಕಾಲ. ಕೆಲಸವಿಲ್ಲದ ಕಲಾವಿದರಿಗೆ ಕೂಲಿ ಕೊಡಲು ರೂಸ್‌ವೆಲ್ಟ್ ಸರಕಾರ ಒಂದು ಯೋಜನೆ ಮಾಡಿತು. ಅದರಡಿ 1934ರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಈ ಗೋಪುರದ ಒಳಗೋಡೆಗಳ ಮೇಲೆ ಕ್ಯಾಲಿಫೋರ್ನಿಯಾದ ಬದುಕನ್ನು ಬಿಡಿಸಿದರು. ಇವರಲ್ಲಿ ಕೆಲವರು ಮೆಕ್ಸಿಕೋದ ಡಿಯೇಗೊ ರಿವೇರಾನ ಜೊತೆ ಕೆಲಸ ಕಲಿತವರು. ರಿವೇರಾ 1930ರಲ್ಲಿ ಹೆಂಡತಿ ಫ್ರಿಡಾ ಕಾಲೋ ಜೊತೆ ಈ ಊರಿಗೇ ಬಂದಿದ್ದ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ವಿದ್ಯೆಯನ್ನಷ್ಟೇ ಅಲ್ಲ, ಗೋಡೆಯ ಮೇಲೆ ಕೂಲಿಕಾರನನ್ನು ನಿಲ್ಲಿಸುವ ಧೈರ್ಯವನ್ನೂ ಅವನು ಬಿಟ್ಟುಹೋದ. ಒಂದು ಚಿತ್ರದಲ್ಲಿ ಗ್ರಂಥಾಲಯದ ಕಪಾಟಿನಿಂದ ಒಬ್ಬ ಮಾರ್ಕ್ಸನ ಪುಸ್ತಕಕ್ಕೆ ಕೈಚಾಚುತ್ತಿದ್ದಾನೆ. ಇನ್ನೊಂದರಲ್ಲಿ ಪತ್ರಿಕೆ ಮಾರುವ ಅಂಗಡಿಯಲ್ಲಿ ಎಡಪಂಥೀಯರ ಪತ್ರಿಕೆಗಳಿವೆ, ಊರಿನ ದೊಡ್ಡ ಪತ್ರಿಕೆ ಕ್ರಾನಿಕಲ್ ಮಾತ್ರ ಇಲ್ಲ! ಆ ಬೇಸಿಗೆಯಲ್ಲೇ ಬಂದರಿನ ಹಮಾಲರ ಮುಷ್ಕರ. ಜುಲೈ 5ರಂದು ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಗೋಪುರದ ಬಾಗಿಲಿಗೆ ಬೀಗ ಬಿತ್ತು. ಕ್ಲಿಫರ್ಡ್ ವೈಟ್ ಎಂಬಾತ ಬಿಡಿಸಿದ್ದ ಸುತ್ತಿಗೆ-ಕುಡುಗೋಲಿನ ಗುರುತನ್ನು ಅಳಿಸಿದ ಮೇಲೆ, ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು.

ಸರಕಾರದ ಗೋಡೆಯೆಂದರೆ ಹೀಗೆಯೇ. ಕೆಳಗೆ ರಿಂಕನ್ ಅನೆಕ್ಸ್ ಎಂಬ ಹಳೆಯ ಅಂಚೆ ಕಚೇರಿಯಲ್ಲಿ ಆಂಟನ್ ರೆಫ್ರೆಜಿಯರ್ 1948ರಲ್ಲಿ ಮುಗಿಸಿದ 27 ಫಲಕಗಳಿವೆ. ಅವುಗಳಲ್ಲಿ ಆ ಮುಷ್ಕರವೂ ಇದೆ. ಇವು ದೇಶದ್ರೋಹದ ಚಿತ್ರಗಳು, ತೆಗೆದುಹಾಕಿ ಎಂದು 1953ರಲ್ಲಿ ಅಮೆರಿಕಾದ ಕಾಂಗ್ರೆಸ್ಸಿನಲ್ಲೇ ವಿಚಾರಣೆ ನಡೆಯಿತು. ಊರಿನವರು ಬಿಡಲಿಲ್ಲ, ಚಿತ್ರಗಳು ಉಳಿದವು. ನಮ್ಮ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧ ಇದೆಯಲ್ಲ, ಅಲ್ಲಿ ಗೋಡೆಯೂ ಸುಲ್ತಾನನದು, ಗೆಲುವೂ ಸುಲ್ತಾನನದು. ಗೋಡೆ ಒಬ್ಬರದು, ಅದರ ಮೇಲಿನ ಮಾತು ಇನ್ನೊಬ್ಬರದು ಆದಾಗ ತಕರಾರು ಶುರುವಾಗುತ್ತದೆ.

ಗುಡ್ಡದಿಂದ ಇಳಿದು ಸಮತಟ್ಟಿಗೆ ಬಂದಾಗ ನನ್ನ ಸೈಕಲ್ಲಿನ ಪ್ರಾಣ ಹೋಯಿತು. ಬ್ಯಾಟರಿ ಸತ್ತ ಎಲೆಕ್ಟ್ರಿಕ್ ಸೈಕಲ್ ಎಂದರೆ ಎಮ್ಮೆಯನ್ನು ಹಗ್ಗ ಹಿಡಿದು ಎಳೆದ ಹಾಗೆ. ನಿಮಿಷಕ್ಕಿಷ್ಟು ಎಂದು ಬಾಡಿಗೆ ಬೇರೆ ಓಡುತ್ತಿತ್ತು. ಅದನ್ನು ಸ್ಟ್ಯಾಂಡಿಗೆ ಒಪ್ಪಿಸಿ ಮತ್ತೆ ರೈಲು ಹತ್ತಿದೆವು.

ಇಪ್ಪತ್ನಾಲ್ಕನೇ ಬೀದಿಯ ನಿಲ್ದಾಣದ ಮೆಟ್ಟಿಲು ಹತ್ತಿ ಹೊರಗೆ ಬಂದರೆ, ಪ್ಲಾಜಾದ ಪಕ್ಕದ ಕಟ್ಟಡದ ಗೋಡೆಯ ಮೇಲೆ ದೊಡ್ಡ ಚಿತ್ರ. ನಾವು ಈಗಷ್ಟೇ ಇಳಿದ ಬಾರ್ಟ್ ರೈಲೇ ಅದರಲ್ಲಿದೆ. ಆದರೆ ಅದು ಓಡುತ್ತಿರುವುದು ಕಂಬಿಗಳ ಮೇಲಲ್ಲ, ಬಾಗಿದ ಜನರ ಬೆನ್ನು ಹೆಗಲುಗಳ ಮೇಲೆ. ಮೈಕೆಲ್ ರಿಯೋಸ್ ಎಂಬ ಕಲಾವಿದ ಆಂಟನಿ ಮಚಾಡೊ ಮತ್ತು ರಿಚರ್ಡ್ ಮಾಂಟೆಜ್ ಜೊತೆ ಸೇರಿ 1975ರಲ್ಲಿ ಬಿಡಿಸಿದ್ದು. ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಬಾರ್ಟ್ ಎಂದರೆ ನನಗೆ ಕಿಟಕಿ ಪಕ್ಕದ ಸೀಟು, ಮಡಿಲಲ್ಲಿ ಒಂದು ಕಾದಂಬರಿ, ಇಷ್ಟೇ ಆಗಿತ್ತು.

ಇದರ ಹಿಂದಿನ ಕಥೆ ಹೀಗಿದೆ. 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಅಲಮೇಡಾ, ಕಾಂಟ್ರಾ ಕಾಸ್ಟಾ ಈ ಮೂರು ಕೌಂಟಿಗಳ ಮತದಾರರು 79.2 ಕೋಟಿ ಡಾಲರಿನ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ಅದನ್ನು ತೀರಿಸಬೇಕಾದದ್ದು ಮನೆ-ಜಮೀನಿನ ತೆರಿಗೆಯಿಂದ. ದುಡ್ಡು ಸಾಲದೆ 1969ರಲ್ಲಿ ಮಾರಾಟ ತೆರಿಗೆಗೆ ಅರ್ಧ ಸೆಂಟ್ ಸೇರಿಸಿದರು. ಮಾರಾಟ ತೆರಿಗೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ, ಮಗುವಿಗೆ ಚಪ್ಪಲಿ ಕೊಂಡವರೂ ಕೊಡಲೇಬೇಕು. ನಿಲ್ದಾಣಗಳಿಗಾಗಿ ಮಿಷನ್ ರಸ್ತೆಯನ್ನು ವರ್ಷಗಟ್ಟಲೆ ಅಗೆದು ಹಾಕಿದರು. ಮಿಷನ್‌ನ ಕೆಳಗೆ ರೈಲು ಓಡಿದ್ದು 1973ರ ನವೆಂಬರಿನಲ್ಲಿ. ಕೊಲ್ಲಿಯ ಅಡಿಯ ಸುರಂಗ ದಾಟಿ ಆಚೆ ದಡದಿಂದ ರೈಲು ಬಂದದ್ದು 1974ರ ಸೆಪ್ಟೆಂಬರಿನಲ್ಲಿ. ದೂರದ ಉಪನಗರಗಳಲ್ಲಿ ಮನೆ ಮಾಡಿಕೊಂಡವರು ಪೇಟೆಯ ಆಫೀಸುಗಳಿಗೆ ಸುಖವಾಗಿ ಬಂದುಹೋಗಲಿ ಎಂಬುದೇ ಈ ರೈಲಿನ ಮುಖ್ಯ ಉದ್ದೇಶ. ಅಂದರೆ, ನಮ್ಮಂಥವರು!

ಮಿಷನ್‌ನವರಿಗೆ ತೆರಿಗೆಗಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹತ್ತಿರದ ವೆಸ್ಟರ್ನ್ ಅಡಿಷನ್‌ನಲ್ಲಿ "ನವೀಕರಣ"ದ ಹೆಸರಿನಲ್ಲಿ ಕಪ್ಪು ಜನರ, ಜಪಾನಿಗಳ ಮನೆಗಳನ್ನು ಸಾಲುಸಾಲಾಗಿ ಕೆಡವಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ರೈಲು ಬಂದರೆ ನಿಲ್ದಾಣದ ಸುತ್ತಲ ನೆಲದ ಬೆಲೆ ಏರುತ್ತದೆ, ಆಮೇಲೆ ನಮ್ಮ ಸರದಿ ಎಂದು ಚರ್ಚಿನವರು, ಕಾರ್ಮಿಕ ಸಂಘದವರು, ಅಂಗಡಿಯವರು ಎಲ್ಲ ಒಂದಾದರು. ಮಿಷನ್‌ಗಾಗಿ ಸಿದ್ಧವಾಗುತ್ತಿದ್ದ ನವೀಕರಣದ ಯೋಜನೆಯನ್ನು 1966ರಲ್ಲಿ ಸೋಲಿಸಿದರು. ಬುಲ್ಡೋಜರ್ ಬರಲಿಲ್ಲ. ಬೆಲೆ ಏರುವುದು ಮಾತ್ರ ತಪ್ಪಲಿಲ್ಲ, ಅದಕ್ಕೆ ಇನ್ನೂ ಮೂವತ್ತು ವರ್ಷ ಹಿಡಿಯಿತು ಅಷ್ಟೆ.

ಅಲ್ಲಿಂದ ಪೂರ್ವಕ್ಕೆ ಇಪ್ಪತ್ನಾಲ್ಕನೇ ಬೀದಿ. ಬೇರೆ ಸೈಕಲ್ ಹಿಡಿದೆವು, ಈ ಸಲ ಗೀಟುಗಳನ್ನು ಎಣಿಸಿಯೇ ಹತ್ತಿದೆ. ಎರಡೂ ಕಡೆ ಮರಗಳು, ರೊಟ್ಟಿ ಅಂಗಡಿ, ಹಣ್ಣಿನ ಅಂಗಡಿ, ಸ್ಪ್ಯಾನಿಷ್ ಫಲಕಗಳು. ಎರಡನೇ ಮಹಾಯುದ್ಧದ ನಂತರ ಐರಿಷ್, ಜರ್ಮನ್ ಮೂಲದವರು ಉಪನಗರಗಳಿಗೆ ಹೋದಂತೆ ಇಲ್ಲಿ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕಾದವರು ತುಂಬಿಕೊಂಡರು. ಎಪ್ಪತ್ತರ ದಶಕದಲ್ಲಿ ಅವರ ಮಕ್ಕಳು ಕುಂಚ ಹಿಡಿದರು. ಅವರಲ್ಲಿ ನನಗೆ ಬಹಳ ಹಿಡಿಸಿದವರು "ಮುಹೇರೆಸ್ ಮುರಲಿಸ್ತಾಸ್", ಅಂದರೆ ಗೋಡೆಗೆ ಬರೆಯುವ ಹೆಂಗಸರು. ಪೆಟ್ರಿಷಿಯಾ ರೊಡ್ರಿಗೆಜ್, ಗ್ರಾಸಿಯೆಲಾ ಕರಿಯೊ, ಕೊನ್ಸುಯೆಲೊ ಮೆಂಡೆಜ್, ಐರೀನ್ ಪೆರೆಜ್ ಈ ನಾಲ್ವರಿಂದ ಶುರುವಾದ ಗುಂಪು. ಹೆಂಗಸರು ಅಟ್ಟಣಿಗೆ ಹತ್ತಿ ಇಷ್ಟು ದೊಡ್ಡ ಕೆಲಸ ಮಾಡಲಾರರು ಎಂಬ ಮಾತು ಕೇಳಿಸಿಕೊಂಡೇ ಅವರು 1974ರಲ್ಲಿ ಮಿಷನ್ ರಸ್ತೆಯಲ್ಲಿ "ಲ್ಯಾಟಿನೋಅಮೆರಿಕಾ" ಎಂಬ ಭಾರಿ ಚಿತ್ರ ಮುಗಿಸಿದರು. ಗಂಡಸರ ಚಿತ್ರಗಳಲ್ಲಿ ಬಂದೂಕು, ಸಂಕೋಲೆ, ಎತ್ತಿದ ಮುಷ್ಟಿ. ಇವರದರಲ್ಲಿ ಜೋಳದ ಗಿಡ, ಮಕ್ಕಳು, ಮನೆಮಂದಿ. ಆ ಚಿತ್ರ ಈಗಿಲ್ಲ.

ಹ್ಯಾರಿಸನ್ ರಸ್ತೆಯ ಸಮೀಪ ಎಡಬಲ ನೋಡುತ್ತಾ ಹೋಗದಿದ್ದರೆ ಬಾಮಿ ಓಣಿ ತಪ್ಪಿಹೋಗುತ್ತದೆ. ಒಂದು ಲಾರಿ ಕಷ್ಟದಿಂದ ಹೋಗುವಷ್ಟು ಅಗಲ. ಬೇಲಿ, ಗ್ಯಾರೇಜಿನ ಬಾಗಿಲು, ಹಿತ್ತಿಲ ಗೋಡೆ, ಒಂದನ್ನೂ ಬಿಟ್ಟಿಲ್ಲ. ಇಲ್ಲಿ ಮೊದಲ ಚಿತ್ರ ಬರೆದದ್ದು 1972ರಲ್ಲಿ, ಅಕ್ಕಪಕ್ಕದ ಮಕ್ಕಳ ಕೈಯಿಂದ. ಆದರೆ ಓಣಿಗೆ ಹೆಸರು ಬಂದದ್ದು 1984ರಲ್ಲಿ. ಆಗ ಎಲ್ ಸಾಲ್ವಡಾರ್, ಗ್ವಾಟೆಮಾಲಾಗಳಲ್ಲಿ ಅಂತರ್ಯುದ್ಧ. ನಿಕರಾಗುವಾದಲ್ಲಿ ಕಾಂಟ್ರಾಗಳಿಗೆ ರೇಗನ್ ಸರಕಾರದ ನೆರವು. ಅಲ್ಲಿಂದ ಓಡಿಬಂದವರು ಇದೇ ಬೀದಿಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿದ್ದರು. ರೇ ಪಟ್ಲಾನ್ ಮುಂದಾಳುತನದಲ್ಲಿ ಪ್ಲಾಕಾ ಎಂಬ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಕಲಾವಿದರು ಕೂಡಿ, ಈ ಒಂದೇ ಓಣಿಯಲ್ಲಿ ಇಪ್ಪತ್ತೇಳು ಚಿತ್ರ ಬರೆದರು. ವಿಷಯ ಎರಡೇ: ಮಧ್ಯ ಅಮೆರಿಕಾದ ಜನರ ಸಂಸ್ಕೃತಿಯ ಹಿರಿಮೆ, ಮತ್ತು ಅಲ್ಲಿ ಅಮೆರಿಕಾ ಕೈಹಾಕುವುದಕ್ಕೆ ವಿರೋಧ.

ಇವು ಸರಕಾರದ ಗೋಡೆಗಳಲ್ಲ, ಹಿತ್ತಿಲ ಗೋಡೆಗಳು. ಮನೆಯವರು ಹೂಂ ಎಂದರೆ ಸಾಕು. ಮರದ ಬೇಲಿ ಮಳೆಗೆ ಕೊಳೆಯುತ್ತದೆ, ಬಿಸಿಲಿಗೆ ಬಣ್ಣ ಏಳುತ್ತದೆ. ಕೆಲವನ್ನು ಅದೇ ಕಲಾವಿದರು ಮತ್ತೆ ತಿದ್ದುತ್ತಾರೆ, ಕೆಲವು ಹೋಗಿ ಹೊಸವು ಬರುತ್ತವೆ. 1980ರಲ್ಲಿ ಪ್ರಾರ್ಥನೆ ನಡೆಸುತ್ತಿರುವಾಗಲೇ ಗುಂಡಿಗೆ ಬಲಿಯಾದ ಆರ್ಚ್‌ಬಿಷಪ್ ರೊಮೆರೊ ಇಲ್ಲಿದ್ದಾರೆ. ಬಾಡಿಗೆ ಕಟ್ಟಲಾಗದೆ ಊರು ಬಿಟ್ಟವರ ಚಿತ್ರಗಳೂ ಇತ್ತೀಚೆಗೆ ಸೇರಿಕೊಂಡಿವೆ. 1977ರಲ್ಲಿ ಸೂಸನ್ ಮತ್ತು ಲೂಯಿಸ್ ಸರ್ವಾಂಟಿಸ್ ಶುರುಮಾಡಿದ ಪ್ರೆಸೀಟಾ ಐಸ್ ಎಂಬ ಸಂಸ್ಥೆ ಹತ್ತಿರದಲ್ಲೇ ಇದೆ, ಇಂಥ ಕೆಲಸಗಳಿಗೆಲ್ಲ ಅದೇ ತವರುಮನೆ.

ಇನ್ನೂ ಮುಂದೆ ಹೋದರೆ ಯಾರ್ಕ್ ಬೀದಿಯ ಮೂಲೆ. ಅಲ್ಲಿ ಒಂದು ಇಡೀ ಗೋಡೆ ನೀಲಿ. ಹುವಾನಾ ಅಲಿಸಿಯಾ ಎಂಬ ಕಲಾವಿದೆ 2004ರಲ್ಲಿ ಬರೆದದ್ದು. ಇದೇ ಗೋಡೆಯ ಮೇಲೆ 1983ರಲ್ಲಿ ಆಕೆ, ಲೆಟ್ಯೂಸ್ ಕೀಳುವ ಕೂಲಿ ಹೆಂಗಸರ ಮೇಲೆ ಕೀಟನಾಶಕ ಸುರಿಯುವ ಚಿತ್ರ ಬರೆದಿದ್ದಳು. ಆಕೆಯೇ ಸಲಿನಾಸ್ ಹೊಲಗಳಲ್ಲಿ ಅದೇ ಕೆಲಸ ಮಾಡಿದವಳು. ಗೋಡೆಗೆ ನೀರಿಳಿದು ಅದು ಹಾಳಾದಾಗ, ನೀರಿನ ಬಗ್ಗೆಯೇ ಹೊಸ ಚಿತ್ರ ಬರೆದಳು. ನಡುವೆ ಯೊರೋನಾ, ಮಕ್ಕಳನ್ನು ಹೊಳೆಗೆ ಕಳೆದುಕೊಂಡು ಅಳುತ್ತಾ ಅಲೆಯುವ ಮೆಕ್ಸಿಕೋ ಜನಪದ ಕಥೆಯ ತಾಯಿ. ಗಡಿಯೂರು ಹುವಾರೆಜ್‌ನಲ್ಲಿ ಕೊಲೆಯಾದ ಹೆಣ್ಣುಮಕ್ಕಳಿಗಾಗಿ ಕಪ್ಪುಡುಗೆ ಉಟ್ಟು ನಿಂತ ಹೆಂಗಸರು. ಬೊಲಿವಿಯಾದ ಕೊಚಬಾಂಬಾದಲ್ಲಿ ನೀರಿಗಾಗಿ ಬೀದಿಗಿಳಿದವರು.

"ಅಪ್ಪ, ಇಲ್ಲಿ ನೋಡು" ಎಂದು ಮಗಳು ತೋರಿಸಿದ ಕಡೆ, ನೀರಿನಲ್ಲಿ ನಿಂತ ನಮ್ಮ ದೇಶದ ಹೆಂಗಸರು. ನರ್ಮದಾ ಕಣಿವೆಯವರು. ಮುಳುಗುವ ತಮ್ಮ ಮನೆಗಳ ನೀರಿನಲ್ಲೇ ನಿಂತು ಅಣೆಕಟ್ಟಿಗೆ ಬೇಡ ಎನ್ನುತ್ತಿರುವವರು.

ಕೊಚಬಾಂಬಾದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ರೈಲಿಗೂ ಅದಕ್ಕೂ ನಂಟಿದೆ. ಆ ಊರಿನ ನೀರು ಸರಬರಾಜು 1999ರಲ್ಲಿ ಒಂದು ಖಾಸಗಿ ಕೂಟದ ಕೈಗೆ ಹೋಯಿತು, ನೀರಿನ ದರ ಏರಿತು. 2000ದ ಏಪ್ರಿಲಿನಲ್ಲಿ ಜನ ದಂಗೆಯೆದ್ದು ಒಪ್ಪಂದ ರದ್ದಾಯಿತು. ಆ ಕೂಟದ ಮುಂದಾಳು ಬೆಕ್ಟೆಲ್ ಕಂಪನಿಯ ಅಂಗಸಂಸ್ಥೆ. ಬೆಕ್ಟೆಲ್‌ನ ಪ್ರಧಾನ ಕಚೇರಿ ಆಗ ಇದ್ದದ್ದು ಇದೇ ಊರಿನ ಬೀಲ್ ಬೀದಿಯಲ್ಲಿ, ಬೆಳಿಗ್ಗೆ ನಾವಿಳಿದ ನಿಲ್ದಾಣದ ಹತ್ತಿರ. ಬಾರ್ಟ್ ರೈಲನ್ನು ರೂಪಿಸಿದ ಮೂರು ಇಂಜಿನಿಯರಿಂಗ್ ಕಂಪನಿಗಳಲ್ಲೂ ಬೆಕ್ಟೆಲ್ ಒಂದು. ಇಪ್ಪತ್ನಾಲ್ಕನೇ ಬೀದಿಯ ಆ ತುದಿಯ ಗೋಡೆಗೂ ಈ ತುದಿಯ ಗೋಡೆಗೂ ಬರೆದವರು ಬೇರೆ, ಕಾಲ ಬೇರೆ. ಇಂಜಿನಿಯರ್ ಆದ ನನಗೆ ಕಂಪನಿಯ ಹೆಸರು ನೋಡಿ ಸುಮ್ಮನಿರಲಾಗಲಿಲ್ಲ. ಬಾರ್ಟ್ ಒಳ್ಳೆಯ ರೈಲು, ಅದನ್ನು ಕಟ್ಟಿದ್ದು ತಪ್ಪು ಎಂದು ನಾನು ಹೇಳಲಾರೆ. ಜೋಗದ ಕರೆಂಟಿನಲ್ಲಿ ಓದಿಯೇ ನಾನು ಇಲ್ಲಿಗೆ ಬಂದದ್ದು.

ಜೋಗದ ಮಾತು ಸುಮ್ಮನೆ ಬರಲಿಲ್ಲ. ನಮ್ಮಮ್ಮನ ತವರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಮ್ಮನಿಗೆ ಹತ್ತು ವರ್ಷ. ಮನೆಯ ಹೆಂಚು, ತೊಲೆ, ತುಳಸಿಕಟ್ಟೆಯ ಕಲ್ಲು ಲಾರಿಗೆ ಹೇರಿ ಶಿವಮೊಗ್ಗದ ಕಡೆ ಕಾಡು ಕಡಿದ ಜಾಗಕ್ಕೆ ಹೋದರು. ಅಡಿಕೆ ತೋಟ ಹೇರಲಾಗುವುದಿಲ್ಲವಲ್ಲ. ಆ ಕಡೆಯ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಕರಾರು ಇಂದಿಗೂ ಪೂರ್ತಿ ತೀರಿಲ್ಲ. ಹಿನ್ನೀರಿನ ಆಚೆ ಉಳಿದವರು ಅರವತ್ತು ವರ್ಷ ಲಾಂಚಿಗೆ ಕಾದು, 2025ರ ಜುಲೈನಲ್ಲಷ್ಟೇ ಸಿಗಂದೂರಿನ ಸೇತುವೆ ಕಂಡರು. ನಾ. ಡಿಸೋಜರ ಕಾದಂಬರಿಗಳನ್ನು ಓದಿದವರಿಗೆ, "ದ್ವೀಪ" ಸಿನಿಮಾ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಆದರೆ ಇದನ್ನು ನಾನು ಮಗಳಿಗೆ ಎಂದೂ ಹೇಳಿರಲಿಲ್ಲ. "ಅಜ್ಜಿಯ ಮನೆ ನೀರಿನೊಳಗಿದೆಯಾ?" ಎಂದು ಕೇಳಿ, ಆ ಬೀದಿಬದಿಯಲ್ಲೇ ಸೈಕಲ್ಲಿಗೆ ಒರಗಿ ನಿಂತು ಪೂರ್ತಿ ಹೇಳಿಸಿದಳು. ಬಾಡಿಗೆ ಮೀಟರ್ ಓಡಿದ್ದು ಇಬ್ಬರಿಗೂ ನೆನಪಾಗಲಿಲ್ಲ. ಗೋಡೆಯ ಒಂದು ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಊರಲ್ಲಿ ಆಗ ನಡುರಾತ್ರಿ ಕಳೆದಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹದಿನೇಳನೇ ಬೀದಿ ಮತ್ತು ಹ್ಯಾರಿಸನ್ ಮೂಲೆಯಲ್ಲಿ ಚೂಯ್ ಕಂಪುಸಾನೊ 1986ರಲ್ಲಿ ಬರೆದ "ಲಿಲಿ ಆನ್" ಎಂಬ ದೊಡ್ಡ ಚಿತ್ರವಿತ್ತು. ಡಾಟ್‌ಕಾಮ್ ಭರಾಟೆಯಲ್ಲಿ ಕಟ್ಟಡ ಕೈಬದಲಾಗಿ 1998ರಲ್ಲಿ ಅದಕ್ಕೆ ಸುಣ್ಣ ಬಳಿದರು. ಕಲಾವಿದನಿಗೆ ತಿಳಿಸದೆ ಹೀಗೆ ಅಳಿಸುವಂತಿಲ್ಲ ಎಂದು ರಾಜ್ಯದ ಕಾನೂನೂ ಇದೆ, 1990ರ ಕೇಂದ್ರದ ಕಾನೂನೂ ಇದೆ. ಮನೆಯವರು ದಾವೆ ಹೂಡಿ ಪರಿಹಾರ ಪಡೆದರು, ಚಿತ್ರ ಮರಳಲಿಲ್ಲ. ನಾನು ಈ ದೇಶಕ್ಕೆ ಬಂದದ್ದು ಅದರ ಮರುವರ್ಷ, ಅದೇ ಭರಾಟೆಯ ಅಲೆಯ ಮೇಲೆ ತೇಲಿಕೊಂಡು.

ಹದಿನೆಂಟನೇ ಬೀದಿಯ ವಿಮೆನ್ಸ್ ಬಿಲ್ಡಿಂಗ್ ನೋಡಲು ಮಾತ್ರ ಸಮಯ ಇಟ್ಟುಕೊಳ್ಳಿ. "ಮಾಸ್ಟರ್‌ಪೀಸ್" ಎಂಬ ಮಾತಿನ ಒಡೆಯನನ್ನು ಕಿತ್ತು, ಸ್ಪ್ಯಾನಿಷ್‌ನಲ್ಲಿ ಗುರುವಮ್ಮ ಎಂಬರ್ಥದ "ಮಾಯೆಸ್ತ್ರಾ" ಸೇರಿಸಿ "ಮಾಯೆಸ್ತ್ರಾಪೀಸ್" ಎಂದು ಹೆಸರಿಟ್ಟಿದ್ದಾರೆ. 1994ರಲ್ಲಿ ಏಳು ಹೆಂಗಸರು ಬರೆದದ್ದು. ನೀಲಿ ಗೋಡೆಯ ಹುವಾನಾ ಅಲಿಸಿಯಾ, ಮುಹೇರೆಸ್ ಮುರಲಿಸ್ತಾಸ್‌ನ ಐರೀನ್ ಪೆರೆಜ್, ಪ್ರೆಸೀಟಾ ಐಸ್‌ನ ಸೂಸನ್ ಸರ್ವಾಂಟಿಸ್ ಎಲ್ಲ ಇಲ್ಲಿ ಸೇರಿದ್ದಾರೆ. ಪಟ್ಟಿಯಲ್ಲಿ ಮೀರಾ ದೇಸಾಯಿ ಎಂಬ ಹೆಸರು ನೋಡಿ ನನಗೆ ಖುಷಿಯಾಯಿತು. ಬಿಡಿಸಿದ ಬಟ್ಟೆಯ ಮಡಿಕೆಗಳ ಮೇಲೆ ನೂರಾರು ಹೆಣ್ಣುಮಕ್ಕಳ ಹೆಸರು. ಬಾಮಿ ಓಣಿಯನ್ನು ನೋಡಿ 1992ರಲ್ಲಿ ಶುರುವಾದ ಕ್ಲಾರಿಯನ್ ಓಣಿ ಹತ್ತಿರದಲ್ಲೇ ಇದೆ. ಮೈಕೈ ನೋವಿನಲ್ಲಿ ಅದನ್ನು ನಾನು ಸರಿಯಾಗಿ ನೋಡಲಿಲ್ಲ.

ಮಗಳ ಮನೆಯಲ್ಲಿ ಅನ್ನ-ತಂಬುಳಿ ಉಂಡೆವು. ಬಾಗಿಲ ಬಳಿ ಅಂಚೆಯ ಒಂದು ಕಟ್ಟು ಬಿದ್ದಿತ್ತು, ಎಲ್ಲ ಒಂದು ಸ್ಪ್ಯಾನಿಷ್ ಹೆಸರಿಗೆ. ಮೊದಲಿದ್ದ ಬಾಡಿಗೆದಾರರದಂತೆ, ಇಡೀ ಸಂಸಾರ. "ಎಲ್ಲಿಗೆ ಹೋದರು ಅಂತ ಯಾರಿಗೂ ಗೊತ್ತಿಲ್ಲ ಅಪ್ಪ. ಎಸೆಯೋಕೆ ಮನಸ್ಸು ಬರಲ್ಲ" ಎಂದಳು. 2014ರಲ್ಲಿ ನಗರಸಭೆ ಈ ಇಪ್ಪತ್ನಾಲ್ಕನೇ ಬೀದಿಯನ್ನು ಲ್ಯಾಟಿನೋ ಸಾಂಸ್ಕೃತಿಕ ವಲಯ ಎಂದು ಘೋಷಿಸಿದೆ. ಬಾಡಿಗೆ ಅದರಿಂದ ಇಳಿದಿಲ್ಲ. ಆ ಬಾಡಿಗೆ ಕೊಡಬಲ್ಲವಳು ನನ್ನ ಮಗಳು. ನಾನು ಏನೂ ಹೇಳಲಿಲ್ಲ.

ಸಂಜೆ ಏಳಕ್ಕೆ ಮತ್ತೆ ಅದೇ ಪ್ಲಾಜಾ. ಆ ಚಿತ್ರ ಬರೆದ ಕಾಲದ ಬೋಗಿಗಳು 2024ರ ಏಪ್ರಿಲಿನಲ್ಲಿ ಕೊನೆಯ ಓಟ ಮುಗಿಸಿ ನಿವೃತ್ತಿಯಾದವು. ರೈಲಿನಲ್ಲಿ ಕುಳಿತು ಫೋನು ತೆಗೆದರೆ ಅಮ್ಮನ ಮರುತ್ತರ. ಊರಲ್ಲಿ ಬೆಳಗಾಗಿತ್ತು. "ಇದು ಯಾವ ಹೊಳೆ?" ಎಂದು ಕೇಳಿದ್ದಳು. ನರ್ಮದಾ ಎಂದು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಾಲು ಬಂತು: "ನೀರು ಎಲ್ಲಿವರೆಗೆ ಬಂತಂತೆ?"

ಮುಂದಿನ ತಿಂಗಳ ಗೋಷ್ಠಿಯ ನಂತರದ ಶನಿವಾರ ಮತ್ತೊಮ್ಮೆ ಹೋಗುವ ಯೋಚನೆಯಿದೆ, ಕ್ಲಾರಿಯನ್ ಓಣಿ ಬಾಕಿ ಇದೆಯಲ್ಲ. ಬರುವವರು ಈ ಪತ್ರಕ್ಕೇ ಉತ್ತರಿಸಿ ತಿಳಿಸಿ. ಸೈಕಲ್ ಬಾರದವರು ನಡೆದೇ ಬರಬಹುದು, ನಿಲ್ದಾಣದಿಂದ ಯಾರ್ಕ್ ಬೀದಿಗೆ ಒಂದು ಮೈಲಿಯೂ ಇಲ್ಲ. ಸೈಕಲ್ ಹಿಡಿಯುವವರು ಬ್ಯಾಟರಿ ನೋಡಿ ಹಿಡಿಯಿರಿ.